ಮುಚ್ಚಳದ ಮೇಲೆ ಅಕ್ಕನ ಚಾಪೆ

ಮೇ 4, ಸೋಮವಾರ

ಇಂಜಿನ್ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಆಯಿಲ್ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ, ಹಳೆಯ ಫಿಲ್ಟರಿನಲ್ಲಿ ಲೋಹದ ಪುಡಿ ಇದೆ. ಅದರ ಕೆಳಗೆ ಸಹಿ ಹಾಕಬೇಕಾದ ಕ್ಯಾಪ್ಟನ್ ಸಾಹೇಬರು ಹಾಕಲಿಲ್ಲ. ಉಳಿದದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ತಲೆ ಸಿಡಿದೀತು.

ಕ್ಯಾಪ್ಟನ್ ಸಾಹೇಬರೆಂದರೆ ಬೇರೆ ಯಾರೂ ಅಲ್ಲ, ನನಗಿಂತ ಎಂಟು ವರ್ಷ ಮುಂಚೆ ಅದೇ ಹೊಟ್ಟೆಯಲ್ಲಿ ಹುಟ್ಟಿದ ಲಿಸಿಯಾತೆ. ಅಪ್ಪ ಸಾಯುವಾಗ ಚುಕ್ಕಾಣಿ ಅವನಿಗೆ, ಇಂಜಿನ್ ಮನಾಸೆಗೆ, ಅಂದರೆ ನನಗೆ, ಎಂದು ಹೇಳಿ ಹೋದರು. ಹಾಗಾಗಿ 'ಲುಪೆ' ದೋಣಿಯ ಮೇಲಿನ ಅರ್ಧ ಅವನದು, ಕೆಳಗಿನ ಅರ್ಧ ನನ್ನದು. ನಾನು ಅವನನ್ನು ಅಣ್ಣ ಎಂದು ಕರೆಯುವುದನ್ನು ಬಿಟ್ಟು ಹದಿನಾಲ್ಕು ತಿಂಗಳಾಯಿತು.

ಇವತ್ತು ಬೆಳಿಗ್ಗೆ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆಯಿಲ್ ಬೆಚ್ಚಗಿರುವಾಗಲೇ ಇಳಿಸಿದೆ. ಆಯಿಲ್ ಇಳಿಯುತ್ತಿರುವಾಗ ಹಳೆಯ ಫಿಲ್ಟರನ್ನು ಗರಗಸದ ಬ್ಲೇಡಿನಿಂದ ಸುತ್ತ ಕೊಯ್ದೆ. ಸುಮ್ಮನೆ ಎಸೆಯುವವರು ಎಸೆಯಲಿ, ನಾನು ಎಸೆಯುವವನಲ್ಲ. ಇಂಜಿನ್ನಿನ ಹೊಟ್ಟೆಯಲ್ಲಿ ಏನು ನಡೆದಿದೆ ಎಂಬುದನ್ನು ಅದರ ಫಿಲ್ಟರೇ ಹೇಳಬೇಕು. ಒಳಗಿನ ಮಡಿಕೆ ಕಾಗದ ಬಿಡಿಸಿ, ಪಿಂಗಾಣಿ ತಟ್ಟೆಯಲ್ಲಿ ಸೀಮೆಎಣ್ಣೆ ಹಾಕಿ ಜಾಲಿಸಿ, ತಟ್ಟೆಯನ್ನು ಬಿಸಿಲಿಗೆ ಓರೆ ಮಾಡಿದೆ. ತಳದಲ್ಲಿ ಸಣ್ಣ ಮೀನಿನ ಹುರುಪೆಯಂಥ ಚೂರುಗಳು ಮಿನುಗಿದವು. ಹಿಂದಿನ ಸಲ ಒಂದೂ ಇರಲಿಲ್ಲ. ಉಗುರಿನಲ್ಲಿ ಒತ್ತಿದರೆ ಬಾಗುತ್ತಿದ್ದವು. ಅದು ಬೇರಿಂಗಿನ ಲೋಹ, ಸಂಶಯವೇ ಇಲ್ಲ. ಒಳಗೆ ಯಾವುದೋ ಬೇರಿಂಗ್ ಸವೆಯುತ್ತಿದೆ.

ಶುಕ್ರವಾರ ಚರ್ಚಿನ ಗಾಯನ ತಂಡ ಆಚೆ ದ್ವೀಪದ ಪಂಗಾಯಿಗೆ ನಮ್ಮ ದೋಣಿಯಲ್ಲಿ ಹೊರಡಬೇಕು. ನಲವತ್ತೆರಡು ಜನ. ನಾಲ್ಕು ಗಂಟೆ ತೆರೆದ ಸಮುದ್ರ, ಕೊನೆಗೆ ಹವಳದ ದಿಬ್ಬಗಳ ನಡುವೆ ಒಂದು ಸಂದಿ. ಆ ಸಂದಿಯಲ್ಲಿ ಇಂಜಿನ್ ನಿಂತರೆ ಹರಿವು ದೋಣಿಯನ್ನು ನೇರ ಹವಳದ ಮೇಲೆ ಹಾಕುತ್ತದೆ. ಇದು ಊರಿನ ಕೂಸಿಗೂ ಗೊತ್ತು.

ತಟ್ಟೆ ಹಿಡಿದು ಚುಕ್ಕಾಣಿ ಕೋಣೆಯ ಬಾಗಿಲಿಗೆ ಹೋದೆ. ಒಳಗೆ ಕಾಲಿಡಲಿಲ್ಲ, ಅದು ಅವರ ರಾಜ್ಯ. ಗೋಡೆಯಲ್ಲಿ ಯಾವುದೋ ಬಾಗಿದ ತಂತಿಗೆ ನೇತುಹಾಕಿದ ಉಬ್ಬರ ಇಳಿತದ ಪಟ್ಟಿ ಗಾಳಿಗೆ ಪಟಪಟ ಎನ್ನುತ್ತಿತ್ತು. ಸಾಹೇಬರು ಪಟ್ಟಿಯನ್ನೇ ನೋಡುತ್ತಾ, "ಅಯಸ್ಕಾಂತ ಇದೆಯಾ?" ಎಂದರು. ನಾನು ಜೇಬಿನಿಂದ ತೆಗೆದೆ. "ಲೋ, ದಿಕ್ಸೂಚಿ ಹತ್ರ ಅದನ್ನ ತರಬೇಡ ಅಂತ ಎಷ್ಟು ಸಲ ಹೇಳ್ಬೇಕು? ನಡಿ ಹೊರಗೆ."

ಹೊರಗೆ ದೋಣಿಯ ಡೆಕ್ಕಿನ ಮೇಲೆ ಹಿಟ್ಟಿನ ಮೂಟೆ ಇಳಿಸುತ್ತಿದ್ದ ಆರು ಜನರ ಮುಂದೆ ಲಿಸಿಯಾತೆ ಅಯಸ್ಕಾಂತವನ್ನು ತಟ್ಟೆಯಲ್ಲಿ ಅದ್ದಿ, ಎತ್ತಿ, ತಿರುಗಿಸಿ ತೋರಿಸಿದ. ಅದಕ್ಕೆ ಏನೂ ಅಂಟಿರಲಿಲ್ಲ.

"ನೋಡ್ರಪ್ಪ, ಇದಕ್ಕೆ ಹತ್ತದೇ ಇರೋ ಕಬ್ಬಿಣ ನಮ್ಮ ಮನಾಸೆ ಕಣ್ಣಿಗೆ ಮಾತ್ರ ಕಾಣ್ಸುತ್ತೆ."

"ಅದು ಕಬ್ಬಿಣ ಅಂತ ಯಾರು ಹೇಳಿದ್ರು? ಬೇರಿಂಗಿನ ಲೋಹ ಅದು. ಅಯಸ್ಕಾಂತಕ್ಕೆ ಹತ್ತಲ್ಲ. ಹತ್ತಲ್ಲ ಅನ್ನೋದೇ ಭಯ. ಎರಡು ದಿನ ಕೊಡು, ಇಂಜಿನ್ ಪಕ್ಕೆಯ ಬಾಗಿಲು ಬಿಚ್ಚಿ ಬೇರಿಂಗ್ ಒಂದೊಂದೇ ನೋಡ್ತೀನಿ."

"ಎರಡು ದಿನ ಅಂತೀಯ, ಎರಡು ವಾರ ಮಾಡ್ತೀಯ. ಪಂಗಾಯಿಯಿಂದ ಬಂದ ಮೇಲೆ ನೋಡ್ಕೋ."

"ಬಂದ್ರೆ ತಾನೆ?"

"ಆಕ್ಲೆಂಡಲ್ಲಿ ಆರು ವರ್ಷ ಲಾರಿ ತೊಳೆದು ಬಂದವನು ನನಗೆ ಸಮುದ್ರ ಕಲಿಸ್ತಾನೆ," ಎಂದು ತಟ್ಟೆಯನ್ನು ತಾನೇ ಇಟ್ಟುಕೊಂಡು ಒಳಗೆ ಹೋದ. ಮೂಟೆಯವರು ನಕ್ಕರು. ನಾನು ಲಾರಿ ತೊಳೆಯಲಿಲ್ಲ. ಲಾರಿಗಳ ಇಂಜಿನ್ ಬಿಚ್ಚಿ ಕಟ್ಟಿದೆ. ಅದು ಅವನಿಗೂ ಗೊತ್ತು.

ಹೋದ ವರ್ಷವೂ ಹೀಗೇ. ಇಂಜಿನ್ ಪೂರ್ತಿ ಬಿಚ್ಚಿ ಕಟ್ಟುತ್ತಿದ್ದೆ. ಮೈಯೆಲ್ಲ ಆಯಿಲ್, ಅರ್ಧ ಬೋಲ್ಟು ಹಾಕಿದ್ದೆ, ಇನ್ನರ್ಧ ಬಾಕಿ. ದಡದಲ್ಲಿ ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ, "ಇನ್ನೂ ಎಷ್ಟು ದಿನ ಆಟ ಆಡ್ತೀಯೋ ಆ ಕಬ್ಬಿಣದ ಜೊತೆ?" ಎಂದು ಇಂಜಿನ್ ಗುಂಡಿಯೊಳಗೆ ಬಗ್ಗಿ ಕೂಗಿದ. ನಾನು ಪಾನಾ ಎಸೆದು, "ನೀನು ನಿನ್ನ ಚುಕ್ಕಾಣಿ ನೋಡ್ಕೋ" ಎಂದು ಹೇಳಿ ಮನೆಗೆ ಬಂದುಬಿಟ್ಟೆ. ಮಾರನೆಯ ದಿನ ಹೋಗಿ ಬಿಟ್ಟಲ್ಲಿಂದ ಹಿಡಿದು ಮುಗಿಸಿ ಬಾಗಿಲು ಮುಚ್ಚಿದೆ. ಅವತ್ತಿನಿಂದ ನಮ್ಮಿಬ್ಬರ ಮಾತು ದೋಣಿಯ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ. ಅಷ್ಟೂ ಹೆಚ್ಚು.


ಮೇ 5, ಮಂಗಳವಾರ

ಇಂಜಿನ್ ಓಡಿಸಿ ನೋಡಿದೆ. ಬಿಸಿಯಾದ ಮೇಲೆ ಆಯಿಲ್ ಒತ್ತಡದ ಮುಳ್ಳು ಮೊದಲು ನಿಲ್ಲುತ್ತಿದ್ದ ಗೀಟಿಗಿಂತ ಒಂದು ಗೀಟು ಕೆಳಗೆ ನಿಂತಿತು. ಹೊಸ ಆಯಿಲ್ ಹಾಕಿದ ಮೇಲೂ ಹೀಗೆ. ಇಂಜಿನ್ ಪುಸ್ತಕದಲ್ಲಿ ಬರೆದು ಅವನ ಕಣ್ಣಿಗೆ ಬೀಳುವ ಹಾಗೆ ತೆರೆದಿಟ್ಟು ಬಂದೆ. ಸಂಜೆ ನೋಡಿದರೆ ಪುಸ್ತಕ ಮುಚ್ಚಿತ್ತು.

ರಾತ್ರಿ ಊರ ಗಂಡಸರ ಕೂಟಕ್ಕೆ ಕಾವಾ ಬೇರಿನ ರಸ ಕುಡಿಯಲು ಹೋದರೆ ಅಲ್ಲಿಗೂ ಸುದ್ದಿ ನನಗಿಂತ ಮುಂಚೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಿದೆ. ಮೋಸೆ ಅಜ್ಜ ಕಾವಾ ತುಂಬಿದ ತೆಂಗಿನ ಚಿಪ್ಪು ನನ್ನ ಕೈಗೆ ಕೊಡುತ್ತಾ, "ಏನೋ ಮನಾಸೆ, ಇಂಜಿನ್ ಒಳಗೆ ಬೆಳ್ಳಿ ಗಣಿ ಸಿಕ್ತಂತೆ. ನಮಗೂ ಒಂದು ಹಿಡಿ ಕೊಡಪ್ಪ," ಎಂದ. ಎಲ್ಲರೂ ನಕ್ಕರು. ಒಂದೇ ಗುಟುಕಿಗೆ ಕುಡಿದು ಎದ್ದು ಬಂದೆ.

ಮನೆಯಲ್ಲಿ ಹೆಂಡತಿ ಫೂಸಿ ಮರಗೆಣಸು ಸುಲಿಯುತ್ತಿದ್ದಳು. ಇಂಜೆಕ್ಟರ್ ಒಂದನ್ನು ಬಿಚ್ಚಿ ತಂದು ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ, ಹೇಗೆ ಹೊರಡುತ್ತಾನೋ ನೋಡೋಣ, ಎಂದೆ.

"ಕದ್ದ ಅಂತಾರೆ," ಎಂದಳು.

"ನನ್ನ ಇಂಜಿನ್ನೇ ಅದು."

"ಹಾಡೋರು ನಲವತ್ತೆರಡು ಜನ ದಡದಲ್ಲಿ ಗಂಟು ಇಟ್ಕೊಂಡು ಕೂತಾಗ ಅದು ಯಾರ ಇಂಜಿನ್ನು ಅಂತ ಯಾರೂ ಕೇಳಲ್ಲ. ಹೋಗಿ ನಿಮ್ಮಕ್ಕನಿಗೆ ಹೇಳಿ. ಆ ಮನುಷ್ಯ ಈ ಭೂಮಿ ಮೇಲೆ ಒಬ್ಬರ ಮಾತು ಕೇಳೋದು ಅಂದ್ರೆ ಅವರ ಮಾತು ಮಾತ್ರ."

ನನ್ನ ಮಾತು ನಿಜವಾಗಿದ್ದರೂ ಅದನ್ನು ಇನ್ನೊಬ್ಬರ ಬಾಯಿಂದ ಆಡಿಸಬೇಕು. ಇದಕ್ಕಿಂತ ಅವಮಾನ ಬೇಕೇ.


ಮೇ 6, ಬುಧವಾರ

ಹೋದೆ. ಅಂಗಿ ಹಾಕಿಕೊಂಡು, ದೊಡ್ಡವರ ಮುಂದೆ ಹೋಗುವಾಗ ಸೊಂಟಕ್ಕೆ ಸುತ್ತುವ ಚಾಪೆ ಸುತ್ತಿಕೊಂಡು, ಮಾಡಬೇಕಾದ ಮರ್ಯಾದೆಯೆಲ್ಲ ಮಾಡಿಕೊಂಡು ಹೋದೆ. ಮಕೆಲೇತಾ ಅಕ್ಕ ನಮ್ಮಿಬ್ಬರಿಗಿಂತ ದೊಡ್ಡವರು. ಚಿಕ್ಕವರಾಗಿದ್ದರೂ ನಮ್ಮ ದ್ವೀಪದ ಗಂಡಸರಿಗೆ ಅಕ್ಕತಂಗಿಯರೇ ಮೇಲು, ಇನ್ನು ದೊಡ್ಡವರೆಂದರೆ ಕೇಳಬೇಕೇ. ಮೆಟ್ಟಿಲ ಮೇಲೆ ಸಮುದ್ರದ ಕಡೆ ಮುಖ ಮಾಡಿ ಕೂತೆ. ಅವರು ಒಳಗೆ ಚಾಪೆ ನೇಯಲು ಎಲೆ ಸೀಳುತ್ತಿದ್ದ ಸದ್ದು ಕೇಳುತ್ತಿತ್ತು.

ತಟ್ಟೆಯ ವಿಷಯ, ಮುಳ್ಳಿನ ವಿಷಯ, ಹವಳದ ಸಂದಿಯ ವಿಷಯ ಎಲ್ಲ ಹೇಳಿದೆ. ಬೈಗುಳ ಒಂದೂ ಆಡದೆ ಹೇಳಬೇಕಾದ್ದರಿಂದ ಎರಡು ಪಟ್ಟು ಹೊತ್ತು ಹಿಡಿಯಿತು.

"ಹೋಗೋರಲ್ಲಿ ನಾನೂ ಇದ್ದೀನಿ," ಎಂದರು ಅಕ್ಕ.

"ಅದಕ್ಕೇ ಬಂದೆ ಅಕ್ಕ. ದೋಣಿ ನಿಲ್ಲಿಸಿ. ನೀವು ಹೇಳಿದ್ರೆ ನಿಲ್ಲಿಸ್ತಾನೆ."

"ನೀನು ಅವನಿಗೆ ಹೇಳಿದೆಯಾ?"

"ಎಲ್ಲರ ಮುಂದೇ ಹೇಳಿದೆ."

"ಎಲ್ಲರ ಮುಂದೆ ಹೇಳಿದ್ದು ಬೇರೆ. ಅವನಿಗೆ ಹೇಳಿದೆಯಾ ಅಂತ ಕೇಳಿದ್ದು."

ಏನು ವ್ಯತ್ಯಾಸವೋ ನನಗೆ ತಿಳಿಯಲಿಲ್ಲ. ಆಮೇಲೆ, "ಕೇಳಿಸಿಕೊಂಡೆ. ಹೋಗು," ಎಂದರು. ನಿಲ್ಲಿಸುತ್ತಾರೋ ಇಲ್ಲವೋ ಹೇಳಲಿಲ್ಲ. ಕೇಳುವ ಹಾಗೂ ಇಲ್ಲ. ಈ ಮನೆಯಲ್ಲಿ ಹುಟ್ಟಿದವರೆಲ್ಲರೂ ಅರ್ಧ ಮಾತು ನುಂಗಿಕೊಂಡೇ ಹುಟ್ಟಿದ್ದಾರೆ.


ಮೇ 7, ಗುರುವಾರ

ನಿಲ್ಲಿಸಿದರು. ಎಂಥ ನಿಲ್ಲಿಸುವುದು.

ಬೆಳಿಗ್ಗೆ ದೋಣಿಗೆ ಹೋದೆ. ಇಂಜಿನ್ ಗುಂಡಿಯ ಹಲಗೆ ಮುಚ್ಚಳದ ಮೇಲೆ ಅಕ್ಕನ ಚಾಪೆ ಹಾಸಿದೆ. ಸೊಂಟಕ್ಕೆ ಸುತ್ತುವ ಚಾಪೆಯಲ್ಲ, ಅವರು ದಿನಾ ಮಲಗುವ ಚಾಪೆ. ಮೂಲೆಯಲ್ಲಿ ದಿಂಬು ಸಹ. ಅಕ್ಕ ಪಕ್ಕದಲ್ಲಿ ಕೂತು ಬೇಯಿಸಿದ ದೀವಿಹಲಸು ತಿನ್ನುತ್ತಿದ್ದಾರೆ.

ಅಕ್ಕ ಮಲಗುವ ಚಾಪೆಯನ್ನು ತಮ್ಮಂದಿರು ಮುಟ್ಟುವುದುಂಟೇ? ದಾಟುವುದುಂಟೇ? ಬುದ್ಧಿ ಬಂದಾಗಿನಿಂದ ಅವರು ಮಲಗುವ ಕೋಣೆಯ ಹೊಸ್ತಿಲನ್ನು ನಾವಿಬ್ಬರೂ ದಾಟಿದವರಲ್ಲ. ಬೇರೆಯವರು ಮುಟ್ಟಬಹುದು. ಆದರೆ ಊರಿನ ಅರ್ಧ ಗಂಡಸರು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಅವರಿಗೂ ಅವರು ಅಕ್ಕನೇ. ಇನ್ನರ್ಧ ಜನಕ್ಕೆ ಅವರೆಂದರೆ ಹೆದರಿಕೆ.

ಸಾಹೇಬರು ಬಂದರು. ಚಾಪೆ ನೋಡಿದರು. ಮುಖ ಹುಳಿ ಮಾವಿನಕಾಯಿ ಕಚ್ಚಿದ ಹಾಗಾಯಿತು. ಮುಚ್ಚಳ ತೆಗೆಯದೆ ಇಂಜಿನ್ ಚಾಲೂ ಮಾಡುವ ಹಾಗಿಲ್ಲ. ಇಂಜಿನ್ ತಂಪಾಗಿಡುವ ಸಮುದ್ರದ ನೀರಿನ ಕೊಳವೆ ತೆರೆಯುವುದು ಕೆಳಗೇ. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಒಂದು ನಿಮಿಷ.

ಆಮೇಲೆ ಪಾನಾ ಪೆಟ್ಟಿಗೆ ಹಿಡಿದು, ತಲೆ ತಗ್ಗಿಸಿ, "ಅಕ್ಕ, ಈಗ ಬಿಚ್ಚಿ ನೋಡ್ತೀನಿ," ಎಂದೆ.

"ಏನನ್ನ?"

"ಇಂಜಿನ್ನನ್ನ."

"ಚಾಪೆ ಇದೆಯಲ್ಲ."

"ಅದು ದೋಣಿ ಹೊರಡದ ಹಾಗೆ..."

"ನೀವಿಬ್ಬರೂ ಒಟ್ಟಿಗೆ ಬಂದು ಕೇಳಿ, ತೆಗೀತೀನಿ. ಒಬ್ಬೊಬ್ಬರಾಗಿ ಬಂದ್ರೆ ತೆಗೆಯಲ್ಲ. ಅವನಿಗೂ ಇದನ್ನೇ ಹೇಳಿದ್ದೀನಿ."

ಬೇಡಿಕೊಂಡು ಹೋಗಿ ನನ್ನ ಕಾಲಿಗೆ ನಾನೇ ಹಗ್ಗ ಕಟ್ಟಿಸಿಕೊಂಡು ಬಂದ ಹಾಗಾಯಿತು. ಕೈಯಲ್ಲಿ ಪಾನಾ ಇದೆ, ಕೆಳಗೆ ಕೆಟ್ಟ ಬೇರಿಂಗ್ ಇದೆ, ನಡುವೆ ಅರ್ಧ ಅಂಗುಲ ದಪ್ಪದ ಒಂದು ಚಾಪೆ. ಅವರಿಗೆ ತಪ್ಪು ಯಾರದೆಂದು ಗೊತ್ತಿದ್ದೂ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ನಾನು ಸರಿ ಹೇಳಿದವನು. ಸರಿ ಹೇಳಿದವನು ಯಾಕೆ ಅವನ ಜೊತೆ ಕೈ ಕಟ್ಟಿ ನಿಲ್ಲಬೇಕು? ಬೇಕಾದರೆ ಅವನು ಬರಲಿ.


ಮೇ 8, ಶುಕ್ರವಾರ

ಹೋಗಲಿಲ್ಲ. ದೋಣಿಯೂ ಹೋಗಲಿಲ್ಲ, ನಾನೂ ಹೋಗಲಿಲ್ಲ, ಅವನೂ ಹೋಗಲಿಲ್ಲ.

ಗಾಯನ ತಂಡದವರು ಬಿಳಿ ಬಟ್ಟೆ ಮಡಿಸಿದ ಗಂಟುಗಳನ್ನು ತೆಂಗಿನ ಮರದ ಕೆಳಗೆ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕಾದು, ಮನೆಗೆ ಒಯ್ದರು. ಒಂದು ವರ್ಷ ಕಲಿತ ಹಾಡು. ಪಂಗಾಯಿಯ ಹೊಸ ಸಭಾಭವನದಲ್ಲಿ ಭಾನುವಾರ ಹಾಡಬೇಕಿತ್ತು. ನಮ್ಮ ಬೇಲಿ ಪಕ್ಕ ಹಾದುಹೋಗುವಾಗ ಒಬ್ಬಳು, "ಅಣ್ಣ ತಮ್ಮ ಜಗಳ ಆಡಿದ್ರೆ ಊರಿಗೆಲ್ಲ ಉಪವಾಸ," ಎಂದು ನನಗೆ ಕೇಳುವ ಹಾಗೆಯೇ ಹೇಳಿದಳು. ಪಾದ್ರಿಗಳು ಬಂದರು. ನಾನು ಮನೆಯಲ್ಲಿಲ್ಲ ಎಂದು ಫೂಸಿಯಿಂದ ಹೇಳಿಸಿದೆ. ಅವಳು ಹೇಳಿದ್ದು ಹೀಗೆ: "ಅವರು ಹೇಳ್ತಿದ್ದಾರೆ, ಅವರು ಮನೇಲಿ ಇಲ್ವಂತೆ."

ಅಕ್ಕ ದೋಣಿಯಲ್ಲೇ ಇದ್ದಾರೆ. ಸಂಜೆ ಒಬ್ಬರೇ ಹಾಡಿಕೊಳ್ಳುತ್ತಿದ್ದರು, ತಗ್ಗಿನ ದನಿಯ ಭಾಗ ಮಾತ್ರ. ಮೇಲಿನ ದನಿ ಇಲ್ಲದೆ ಅದು ಯಾವ ಹಾಡೆಂದು ಗುರುತೇ ಸಿಗಲಿಲ್ಲ.

ನಲವತ್ತೆರಡು ಜನ ಬದುಕಿದ್ದಾರೆ. ಅದಕ್ಕೆ ನನಗೆ ಸಿಕ್ಕ ಬಹುಮಾನ ಇದು.


ಮೇ 9, ಶನಿವಾರ

ಉದ್ದ ಬರೆಯಬೇಕು.

ಬೆಳಕು ಹರಿಯುವಾಗಲೇ ಲಿಸಿಯಾತೆ ಬೇಲಿಯ ಹೊರಗೆ ಬಂದು ನಿಂತಿದ್ದ. ಕೈಯಲ್ಲಿ ನನ್ನ ಪಿಂಗಾಣಿ ತಟ್ಟೆ. ಒಳಗೆ ಬಾ ಎಂದು ನಾನು ಕರೆಯಲಿಲ್ಲ, ಅವನು ಕೇಳಲೂ ಇಲ್ಲ.

"ಚಾಪೆ ತೆಗೆಸ್ಬೇಕು," ಎಂದ.

"ತೆಗೆಸು."

"ಇಬ್ಬರೂ ಹೋಗ್ಬೇಕಂತಲ್ಲ."

ಊರ ನಡುವೆ ಇಬ್ಬರೂ ನಡೆದೆವು. ನಡುವೆ ಹತ್ತು ಹೆಜ್ಜೆ ಅಂತರ. ಹಂದಿಗಳಿಗೆ ತೆಂಗಿನಕಾಯಿ ಒಡೆಯುತ್ತಿದ್ದವರೆಲ್ಲ ಕತ್ತಿ ಎತ್ತಿದಲ್ಲೇ ನಿಲ್ಲಿಸಿ ನೋಡಿದರು. ನನಗೆ ಕಿವಿಯವರೆಗೂ ಉರಿಯುತ್ತಿತ್ತು.

ದೋಣಿಯಲ್ಲಿ ಅಕ್ಕ ಕೂದಲು ಬಾಚಿಕೊಳ್ಳುತ್ತಿದ್ದರು. "ಬಂದ್ರಾ? ಯಾರು ಮೊದಲು ಮಾತಾಡ್ತೀರಿ?"

ಲಿಸಿಯಾತೆ ತಟ್ಟೆ ಕೆಳಗಿಟ್ಟ. "ಇದನ್ನ ಮನೆಗೆ ತಗೊಂಡು ಹೋಗಿದ್ದೆ. ಒಂದು ಚೂರನ್ನ ಚಾಕುವಿಂದ ಕೊಯ್ದೆ. ಗಾಳಕ್ಕೆ ಕಟ್ಟೋ ಸೀಸದ ಹಾಗೆ ಕೊಯ್ಸ್ಕೊಳ್ತು. ಸೀಸಕ್ಕೂ ಅಯಸ್ಕಾಂತ ಹತ್ತಲ್ಲ. ನನಗೆ ಅದು ಆವತ್ತು ಹೊಳೀಲಿಲ್ಲ."

ಯಾವತ್ತು ಕೊಯ್ದು ನೋಡಿದ್ದು ಎಂದು ಅಕ್ಕ ಕೇಳಿದರು.

"ಮಂಗಳವಾರ."

ಮಂಗಳವಾರವೇ ಗೊತ್ತಿತ್ತು. ಗೊತ್ತಿದ್ದೂ ಮೂರು ದಿನ ಸುಮ್ಮನಿದ್ದ, ಆರು ಜನರ ಮುಂದೆ ಆಡಿದ ಮಾತು ವಾಪಸ್ಸು ತೆಗೆದುಕೊಳ್ಳಲಾಗದೆ. ಇನ್ನೊಂದು ಕಡೆಯಿಂದ ನೋಡಿದರೆ, ಈಗ ತಾನಾಗಿಯೇ ಹೇಳಿದ. ಯಾವ ಕಡೆಯಿಂದ ನೋಡಬೇಕೋ ತಿಳಿಯದೆ ನಾನು, "ಬಿಚ್ಚೋಣ," ಎಂದೆ. ಅಕ್ಕ ಎದ್ದು ಚಾಪೆ ಸುರುಳಿ ಸುತ್ತಿದರು.

ಗುಂಡಿಗೆ ಇಳಿದೆವು. ನಮ್ಮದು ಹಳೆಯ ಕಾಲದ ನಿಧಾನದ ಇಂಜಿನ್, ಪಕ್ಕೆಯಲ್ಲಿ ಆರು ಬಾಗಿಲು, ಕೈ ಹಾಕಿ ಒಳಗಿನ ಪಿಸ್ಟನ್ ರಾಡುಗಳನ್ನು ಮುಟ್ಟಬಹುದು. ಅವನು ಟಾರ್ಚು ಹಿಡಿದ. ಒಂದನೆಯದು ಸರಿ ಇತ್ತು. ಎರಡು, ಮೂರು ಸರಿ. ಪ್ರತಿ ರಾಡಿನ ಕಾಲಲ್ಲೂ ಒಂದು ಬೇರಿಂಗ್, ಅದನ್ನು ಬಿಗಿಹಿಡಿಯಲು ಎರಡು ಬೋಲ್ಟು, ಪ್ರತಿ ಬೋಲ್ಟಿಗೂ ಒಂದು ನಟ್ಟು, ನಟ್ಟು ಸಡಿಲವಾಗದಂತೆ ಅದರೊಳಗೆ ತೂರಿಸಿ ಬಾಗಿಸಿದ ಒಂದು ಪಿನ್ನು. ನಾಲ್ಕನೆಯ ಬಾಗಿಲಲ್ಲಿ ಕೈ ಹಾಕಿ ರಾಡನ್ನು ಅಲ್ಲಾಡಿಸಿದೆ. ಟಕ್ ಎಂದಿತು. ಕೈ ಮೇಲಕ್ಕೆ ಒಯ್ದೆ. ನಟ್ಟು ಬೆರಳಿಗೇ ತಿರುಗಿತು. ಪಾನಾ ಬೇಕಾಗಲಿಲ್ಲ.

ಆ ನಟ್ಟಿನಲ್ಲಿ ಪಿನ್ನು ಇರಲಿಲ್ಲ.

ಮುರಿದಿದ್ದರೆ ತುಂಡು ಇರುತ್ತದೆ, ಉಜ್ಜಿದ ಗುರುತು ಇರುತ್ತದೆ. ತೂತಿನ ಅಂಚು ಹೊಸದರ ಹಾಗೆ ಚೊಕ್ಕವಾಗಿತ್ತು. ಅಲ್ಲಿಗೆ ಪಿನ್ನು ಹೋದದ್ದೇ ಇಲ್ಲ. ಇನ್ನೆರಡು ಬಾಗಿಲೂ ಬಿಚ್ಚಿ, ಉಳಿದ ಪಿನ್ನುಗಳನ್ನೆಲ್ಲ ಬೆರಳಿಂದ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ. ಹೋದ ವರ್ಷ ಪಾನಾ ಎಸೆದು ಎದ್ದುಹೋದಾಗ ನಾನು ಇದ್ದದ್ದು ಈ ನಾಲ್ಕನೆಯ ಬಾಗಿಲಲ್ಲೇ. ಮಾರನೆಯ ದಿನ ಬಂದವನು ಐದರಿಂದ ಶುರುಮಾಡಿದೆ.

ಸಂದಿಯಲ್ಲಿ ವೇಗ ಏರಿಸಿದ್ದರೆ ಆ ನಟ್ಟು ಕಳಚಿಕೊಳ್ಳುತ್ತಿತ್ತು. ರಾಡು ಇಂಜಿನ್ನಿನ ಪಕ್ಕೆ ಒಡೆದು ಹೊರಗೆ ಬರುತ್ತಿತ್ತು. ನಲವತ್ತೆರಡು ಜನ, ಅಕ್ಕನೂ ಸೇರಿ.

"ಏನಾಯ್ತು?" ಎಂದ ಅವನು.

ಹಳೆಯ ಬೇರಿಂಗ್, ಸವೆದಿದೆ ಎನ್ನಬಹುದಿತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ. ನಾಲಿಗೆಯ ತುದಿಗೂ ಬಂತು. "ಪಿನ್ನು ಹಾಕಿಲ್ಲ ಇಲ್ಲಿ," ಎಂದೆ.

"ಯಾರು ಹಾಕ್ಬೇಕಿತ್ತು?"

"ಇನ್ಯಾರು ಹಾಕ್ತಾರೆ? ನಾನೇ."

ಅವನು ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಬೈಯಬಹುದಿತ್ತು. ಅವನು ಟಾರ್ಚನ್ನು ಇನ್ನೂ ಹತ್ತಿರ ತಂದು, "ಎಂಥ ಪಿನ್ನು, ತೋರ್ಸು," ಎಂದ. ಪಕ್ಕದ ನಟ್ಟಿನಲ್ಲಿದ್ದದ್ದನ್ನು ತೋರಿಸಿದೆ. ತುಂಬ ಹೊತ್ತು ನೋಡಿದ. ಟಾರ್ಚು ನನ್ನ ಕೈಗೆ ಕೊಟ್ಟು ಮೇಲಕ್ಕೆ ಹತ್ತಿ ಹೋದ.

ವಾಪಸ್ಸು ಬಂದಾಗ ಅವನ ಒಂದು ಕೈಯಲ್ಲಿ ಉಬ್ಬರ ಇಳಿತದ ಪಟ್ಟಿ ಇತ್ತು. ಇನ್ನೊಂದರಲ್ಲಿ ಅದನ್ನು ನೇತುಹಾಕಿದ್ದ ತಂತಿ. ಅದು ತಂತಿಯಲ್ಲ. ಕೊಕ್ಕೆಯ ಹಾಗೆ ಬಾಗಿಸಿದ ಪಿನ್ನು, ಹನ್ನೆರಡನೆಯದು.

"ಎಲ್ಲಿ ಸಿಕ್ತು?" ಎಂದೆ.

"ಹೋದ ವರ್ಷ, ನೀನು ಬಾಗಿಲು ಮುಚ್ಚಿ ಹೋದ್ಮೇಲೆ. ಇಲ್ಲೇ ಹಲಗೆ ಮೇಲೆ ಬಿದ್ದಿತ್ತು. ಇದು ಎಲ್ಲಿದು ಅಂತ ನಿನ್ನ ಕೇಳ್ಬೇಕು ಅಂದ್ಕೊಂಡೆ."

"ಕೇಳ್ಬೇಕಿತ್ತು."

"ಕೇಳಿದ್ರೆ ಏನಂತಿದ್ದೆ?"

'ನೀನು ನಿನ್ನ ಚುಕ್ಕಾಣಿ ನೋಡ್ಕೋ' ಎನ್ನುತ್ತಿದ್ದೆ. ಅವನಿಗೂ ಗೊತ್ತು, ನನಗೂ ಗೊತ್ತು. ಪಿನ್ನನ್ನು ಅವನ ಕೈಯಿಂದ ತೆಗೆದುಕೊಂಡೆ. ಹದಿನಾಲ್ಕು ತಿಂಗಳು ಅವನು ದಿನಾ ಅದರ ಮೇಲೆ ಕಣ್ಣಿಟ್ಟು ಸಮುದ್ರ ದಾಟಿದ್ದಾನೆ, ದಿನಾ ನಾನು ಅವನ ಕೆಳಗೆ ಕೂತು ಅದಿಲ್ಲದ ಇಂಜಿನ್ ಓಡಿಸಿದ್ದೇನೆ.

ಮೇಲೆ ಅಕ್ಕ ಇದ್ದರು. ಎಲ್ಲ ಕೇಳಿಸಿಕೊಂಡರು.

ಸೂರ್ಯ ಮುಳುಗುವ ಮುಂಚೆ ಕೆಟ್ಟ ಬೇರಿಂಗ್ ಹೊರಗೆ ತೆಗೆದೆವು. ನಾಳೆ ಭಾನುವಾರ, ಪಾನಾ ಮುಟ್ಟುವ ಹಾಗಿಲ್ಲ. ಕೈ ತೊಳೆಯಲು ಅಣ್ಣ ಸೀಮೆಎಣ್ಣೆ ಹೊಯ್ದ, ನಾನು ಉಜ್ಜಿಕೊಂಡೆ.


ಮೇ 10, ಭಾನುವಾರ

ಪಂಗಾಯಿಯಲ್ಲಿ ಹಾಡಬೇಕಾದದ್ದನ್ನು ನಮ್ಮ ಚರ್ಚಿನಲ್ಲೇ ಹಾಡಿದರು. ಕೇಳುವವರು ನಾವೇ, ಎಷ್ಟೋ ಸಲ ಕೇಳಿದವರು. ಮೊನ್ನೆ ಗುರುತು ಸಿಗದ ಹಾಡು ಯಾವುದೆಂದು ಇವತ್ತು ತಿಳಿಯಿತು.

ಕೋಪ ಹೋಗಿಲ್ಲ. ಎದೆಯಲ್ಲೇ ಕೂತಿದೆ, ಯಾರ ಮೇಲೆ ಹಾಕಬೇಕೋ ತಿಳಿಯದೆ ಹೊತ್ತುಕೊಂಡು ತಿರುಗುತ್ತಿದ್ದೇನೆ. ನೆಲದೊಲೆಯಲ್ಲಿ ಬೇಯಿಸಿದ ಕೆಸುವಿನೆಲೆಯ ಕಟ್ಟನ್ನು ಅರ್ಧ ತಿಂದು ಬಿಟ್ಟೆ. "ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೆಯ ನೊಣ ಓಡಿಸಿದ್ರಂತೆ" ಎಂದು ಫೂಸಿ ಹೇಳುತ್ತಾಳೆಂದು ಕಾದೆ. ಅವಳು ಏನೂ ಹೇಳದೆ ಮತ್ತೊಂದು ಕಟ್ಟು ಬಡಿಸಿದಳು. ಹೇಳಿದ್ದರೇ ಚೆನ್ನಾಗಿತ್ತು.


ಮೇ 11, ಸೋಮವಾರ

ಅವನಿಗೆ ಯಾರು ಹೇಳಿದ್ದು ನನ್ನ ತಪ್ಪು ಮುಚ್ಚಲು? ಯಾರು ಕೇಳಿದ್ದು?

ಕಾವಾ ಕೂಟದಲ್ಲಿ ಇಡೀ ಊರು. ಅಣ್ಣ ಎಲ್ಲರಿಗೂ ಕೇಳುವ ಹಾಗೆ, "ಬೇರಿಂಗ್ ಹಳೇದಾಗಿತ್ತು ಕಣ್ರಪ್ಪ, ಸವೆದುಹೋಗಿತ್ತು. ಮನಾಸೆ ಫಿಲ್ಟರ್ ಕೊಯ್ದು ನೋಡಿದ್ದಕ್ಕೆ ಬಚಾವು. ಆವತ್ತು ನಕ್ಕಿದ್ದು ನಂದೇ ತಪ್ಪು," ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಮೋಸೆ ಅಜ್ಜ ಮೊದಲ ಚಿಪ್ಪು ನನಗೆ ಕೊಡಿಸಿದ. ಪಾದ್ರಿಗಳು ತಲೆದೂಗಿದರು. ಒಂದು ವಾರದಿಂದ ಇದಕ್ಕೇ ಅಲ್ಲವೇ ಒದ್ದಾಡಿದ್ದು.

ಚಿಪ್ಪು ಬಾಯಿಯವರೆಗೆ ಬಂತು. ಕುಡಿಯಲಾಗಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಬೇರಿಂಗ್ ಹಳೇದಲ್ಲ," ಎಂದೆ. ಜೋರಾಗಿಯೇ ಎಂದೆ. "ಹೋದ ವರ್ಷ ನಾನೇ ಹೊಸದು ಹಾಕಿದ್ದು. ಒಂದು ನಟ್ಟಿಗೆ ಪಿನ್ನು ಹಾಕೋದು ಮರೆತೆ. ಇವನ ಮೇಲಿನ ಸಿಟ್ಟಲ್ಲಿ ಎದ್ದುಹೋಗಿ ಮರೆತೆ. ನಿಮ್ಮೆಲ್ಲರನ್ನೂ ನೀರಿಗೆ ಹಾಕ್ತಿದ್ದೋನು ನಾನು."

ಕಾವಾ ಬಟ್ಟಲಲ್ಲಿ ನೀರು ಹಾಕುತ್ತಿದ್ದವನ ಕೈ ನಿಂತಿತು.

"ಆ ಪಿನ್ನು ನನ್ನ ಹತ್ರ ಇತ್ತು," ಎಂದ ಅಣ್ಣ. "ಅದಕ್ಕೆ ಪಟ್ಟಿ ನೇತುಹಾಕಿದ್ದೆ."

ಮೋಸೆ ಅಜ್ಜ ನಮ್ಮಿಬ್ಬರನ್ನೂ ಒಂದು ಸಲ ನೋಡಿ, "ನಿಮ್ಮಪ್ಪ ಹಂಚ್ಬೇಕಾದ್ರೆ ಚುಕ್ಕಾಣಿ ಒಬ್ಬನಿಗೆ, ಇಂಜಿನ್ ಒಬ್ಬನಿಗೆ ಅಂದ. ಬುದ್ಧಿ ಯಾರಿಗೆ ಅಂತ ಹೇಳೋದು ಮರ್ತುಬಿಟ್ಟ," ಎಂದ.

ಮೊದಲು ನಕ್ಕಿದ್ದು ಯಾರೋ. ಆಮೇಲೆ ಎಲ್ಲರೂ ನಕ್ಕರು. ಆವತ್ತಿನ ನಗುವಿಗೂ ಇದಕ್ಕೂ ವ್ಯತ್ಯಾಸವಿತ್ತು. ಗಾಯನ ತಂಡದ ಒಬ್ಬ ಮಾತ್ರ ನಗದೆ ಎದ್ದುಹೋದ. ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಆ ನಲವತ್ತೆರಡರಲ್ಲಿದ್ದರು. ಅವನು ಸರಿ. ನಾಳೆ ಅವನ ಮನೆಗೆ ಹೋಗಬೇಕು, ಏನು ಹೇಳಬೇಕೋ ಗೊತ್ತಿಲ್ಲ.

ಬರುವಾಗ ದಾರಿಯಲ್ಲಿ ಅಣ್ಣನಿಗೆ, "ನನ್ನ ಪರವಾಗಿ ಸುಳ್ಳು ಹೇಳೋಕೆ ನಿನಗೆ ಯಾರು ಹೇಳಿದ್ರು?" ಎಂದು ಜಗಳ ತೆಗೆದೆ. "ನೀನು ನಿನ್ನ ಇಂಜಿನ್ ನೋಡ್ಕೋ," ಎಂದ. ಅವನ ಮನೆಯ ಬೇಲಿಯವರೆಗೂ ಜಗಳ ಆಡಿಕೊಂಡೇ ಬಂದೆವು. ಅಂತರ ಇರಲಿಲ್ಲ, ಕೂಗಬೇಕಾಗಲಿಲ್ಲ.


ಜೂನ್ 3, ಬುಧವಾರ

ಹೊಸ ಬೇರಿಂಗ್ ಬಂದು ಐದು ದಿನವಾಯಿತು. ಅಣ್ಣ ಟಾರ್ಚು ಹಿಡಿಯುವುದರಲ್ಲಿ ಶುದ್ಧ ಮೊದ್ದು. ಬೆಳಕು ಬೇಕಾದ ಕಡೆ ಬಿಟ್ಟು ನನ್ನ ಕಣ್ಣಿಗೇ ಬಿಡುತ್ತಾನೆ. ಹೇಳಿದರೆ, "ನಿನ್ನ ತಲೆ ಅಡ್ಡ ಬಂದ್ರೆ ನಾನೇನ್ ಮಾಡ್ಲಿ?" ಎನ್ನುತ್ತಾನೆ. ಬಾಗಿಲು ಮುಚ್ಚುವ ಮುಂಚೆ ಅವನೂ ಕೈ ಹಾಕಿ ಎಣಿಸಿದ. ಇಂಜಿನ್ ಪುಸ್ತಕದಲ್ಲಿ ಸಹಿಯ ಪಕ್ಕ ತನ್ನ ದಪ್ಪ ಅಕ್ಷರದಲ್ಲಿ, 'ಪಿನ್ನು ಹನ್ನೆರಡು. ಎಣಿಸಿದವರು ಇಬ್ಬರು' ಎಂದು ಬರೆದಿದ್ದಾನೆ. ಆ ಪುಸ್ತಕದಲ್ಲಿ ಅವನ ಕೈಬರಹ ನೋಡಿದ್ದು ಇದೇ ಮೊದಲು.

ಇವತ್ತು ಓಡಿಸಿ ನೋಡಿದೆವು. ಮುಳ್ಳು ತನ್ನ ಹಳೆಯ ಗೀಟಿಗೆ ಬಂದು ನಿಂತಿತು. ಸ್ವಲ್ಪ ಓಡಿದ ಮೇಲೆ ಆಯಿಲ್ ಮತ್ತೆ ಇಳಿಸಿ, ಫಿಲ್ಟರ್ ಕೊಯ್ದು, ತಟ್ಟೆಯನ್ನು ಬಿಸಿಲಿಗೆ ಓರೆ ಮಾಡಿದೆವು. ಏನೂ ಇಲ್ಲ. ಅಣ್ಣ ಆದರೂ ಚಾಕು ತೆಗೆದು ಹತ್ತು ನಿಮಿಷ ತಳ ಕೆರೆದ. ಪಟ್ಟಿಗೆ ನಾನು ಚುಕ್ಕಾಣಿ ಕೋಣೆಯಲ್ಲಿ ಒಂದು ಮೊಳೆ ಹೊಡೆದುಕೊಟ್ಟೆ. ಮೊಳೆ ಸೊಟ್ಟಗಿದೆ ಎಂದ.

ಅಕ್ಕ ತಮ್ಮ ಚಾಪೆಯನ್ನು ಇನ್ನೂ ಒಯ್ದಿಲ್ಲ. ಅವತ್ತು ಸುರುಳಿ ಸುತ್ತಿದವರು ದಿಂಬಿನ ಸಮೇತ ಇಂಜಿನ್ ಗುಂಡಿಯ ಮೆಟ್ಟಿಲಿನ ಪಕ್ಕ ಇಟ್ಟು ಮನೆಗೆ ಹೋದರು. ಇವತ್ತು ಬಂದಾಗ ಧೈರ್ಯ ಮಾಡಿ, "ಅಕ್ಕ, ಚಾಪೆ ಇಲ್ಲೇ ಇದೆ," ಎಂದೆ.

"ಇರಲಿ," ಎಂದರು. "ಮತ್ತೆ ಮಾತು ಬಿಟ್ರೆ ಯಾರೂ ನನ್ನ ಮನೆವರೆಗೆ ಬಂದು ಹೇಳೋದು ಬೇಡ. ಹಾಸ್ಕೋಳಕ್ಕೆ ಸುಲಭ ಆಗುತ್ತೆ. ನಾನು ಇನ್ನೊಂದು ನೇಯ್ದುಕೊಂಡಿದ್ದೀನಿ."

ಈಗ ಆಯಿಲ್ ಡಬ್ಬ ಎಲ್ಲಿಡಬೇಕು ನಾನು? ಆ ಮೂಲೆ ಡಬ್ಬದ್ದು, ಅಪ್ಪನ ಕಾಲದಿಂದ. ಗುಂಡಿಗೆ ಇಳಿಯುವಾಗ ಹೊಟ್ಟೆ ಒಳಗೆಳೆದುಕೊಂಡು, ಚಾಪೆಗೆ ತಾಗದಂತೆ ಅಡ್ಡಡ್ಡ ಇಳಿಯಬೇಕು. ಅಣ್ಣನ ಹೊಟ್ಟೆಗಂತೂ ಅದು ಸಾಧ್ಯವೇ ಇಲ್ಲ. ನಾನು ಕೆಳಗಿನಿಂದ ಕೈ ಕೊಟ್ಟು ಹಿಡಿದುಕೊಂಡರೆ ಮಾತ್ರ ಇಳಿಯಲಾಗುತ್ತದೆ. ದಿನಕ್ಕೆ ಎರಡು ಸಲ. ಸಿಟ್ಟು ಬರದೆ ಇನ್ನೇನು ಬರುತ್ತದೆ.